ಪುಟದ ಹೊರಗಿನವರು

ತಿಕೋಂಡಿಯ ದಾಕ್ಷಾಯಣಿ ಸತ್ತವರ ಮುಖದ ಮೇಲೆ ಡಿಲೀಟ್ ಒತ್ತುವವಳಲ್ಲ.

ಬಸ್ಸು ನಿಲ್ಲುವ ಕಡೆ ಒಂದೇ ಕೋಣೆಯ ಅಂಗಡಿ ಆಕೆಯದು: ಝೆರಾಕ್ಸು, ಡಿಟಿಪಿ, ಬ್ಯಾನರ್ ಡಿಸೈನು. ನಮ್ಮ ಕಡೆ ಮಗುವಿಗೆ ವರ್ಷ ತುಂಬಿದರೂ ಬ್ಯಾನರ್, ಟಗರು ಬಹುಮಾನ ಗೆದ್ದರೂ ಬ್ಯಾನರ್. ನಡುವೆ ಮಗುವೋ ಟಗರೋ ನಿಂತಿರುತ್ತದೆ. ಕೆಳಗೆ ಶುಭ ಕೋರುವ ಬಂಧುಗಳ ಮುಖಗಳ ಸಾಲು. ಒಂದು ಮನೆತನಕ್ಕೆ ಒಂದೇ ಫೈಲು. ಹೊಸ ಬ್ಯಾನರ್ ಬೇಕೆಂದಾಗ ಹಳೆಯದನ್ನೇ ತೆರೆದು ಹೆಸರು, ತಾರೀಖು ಬದಲಿಸುವುದು ಆಕೆಯ ಪದ್ಧತಿ. ಸಾಲಿನಲ್ಲಿದ್ದವರು ಯಾರಾದರೂ ತೀರಿಕೊಂಡರೆ ಆ ಮುಖವನ್ನು ಮೆಲ್ಲಗೆ ಎಳೆದು ಪುಟದ ಅಂಚಿನಾಚೆಯ ಬಿಳಿ ಜಾಗದಲ್ಲಿ ಇಡುತ್ತಾಳೆ. ಅಲ್ಲಿರುವುದು ಪರದೆಯಲ್ಲಿ ಕಾಣುತ್ತದೆ, ಆದರೆ ಅಚ್ಚಾಗುವುದಿಲ್ಲ. ಸತ್ತವರಿಗೆ ಇದಕ್ಕಿಂತ ಹೆಚ್ಚಿನ ಸವಲತ್ತನ್ನು ಯಾವ ಧರ್ಮವೂ ಕೊಟ್ಟಂತಿಲ್ಲ.

ಸುದ್ದಿ ಹಬ್ಬಿತು. ಸಂತೆಗೆ ಬಂದವರು ಚೀಲ ಕೆಳಗಿಟ್ಟು, "ಅಕ್ಕಾರ, ನಮ್ಮವ್ವನ್ನ ಒಂದೀಟ ತೋರಸ್ರಿ" ಎನ್ನತೊಡಗಿದರು. ಆಕೆ ತೋರಿಸುತ್ತಾಳೆ. ಸೇವ್ ಮಾಡುವುದೇ ಸೇವೆಯಾಗಿದೆ. ಬಿಲ್ಲು ಮಾತ್ರ ಇಲ್ಲ.

ಮೊನ್ನೆ ಬೇಸಿಗೆಯಲ್ಲಿ ಮಾಡಗ್ಯಾಳದ ಸಂಗವ್ವ ಬಂದಳು. ಕುರಿ ಕಾಯುವ ಮನೆತನ. ಆಕೆಯ ಗಂಡ ಬೀರದೇವ ತೀರಿಕೊಂಡು ವರ್ಷವಾಗುತ್ತಿತ್ತು. ಪುಣ್ಯತಿಥಿಗೆ ಅವನ ದೊಡ್ಡ ಫೋಟೋ ಬೇಕು. ಬೈಕಿನಲ್ಲಿ ಕರೆತಂದವನು ಮೈದುನ ಮಲಕಾಜಪ್ಪ. ಅಣ್ಣ ಹೋದ ಮೇಲೆ ಅಣ್ಣನ ಕುರಿ ಅವನಿಗೆ ಬಂದಿದ್ದವು. ಬ್ಯಾನರಿನ ಸಾಲಿನಲ್ಲಿ ಅಣ್ಣನ ಜಾಗವೂ ಬಂದಿತ್ತು.

"ಬ್ಯಾರೆ ಫೋಟೋ ಇಲ್ಲೇನ್ರಿ ಸಂಗವ್ವಾಯಿ? ಆಧಾರ ಕಾರ್ಡನಾಗಿಂದು?"

"ಅದರಾಗ ಅವ ಇಲ್ಲ್ರಿ ಅಕ್ಕಾರ. ಯಾರೋ ಕುರಿಗಳ್ಳ ಕುಂತಾನ. ಅವಂದು ಚಲೋ ಫೋಟೋ ನೀವು ತಗದದ್ದೊಂದ."

ತೆಗೆದ ಮೊಬೈಲು ಎಂದೋ ಸತ್ತಿತ್ತು. ಉಳಿದದ್ದು ಫೈಲಿನಲ್ಲಿ, ಪುಟದ ಹೊರಗೆ ನಿಂತವನೊಬ್ಬನೇ. ದಾಕ್ಷಾಯಣಿ ಫೈಲು ತೆರೆಯಹೋದಳು. ಪರದೆ ಬೆಳ್ಳಗಾಯಿತು, ಪ್ರೋಗ್ರಾಂ ಮುಚ್ಚಿಕೊಂಡಿತು. ಮತ್ತೆ ತೆರೆದಳು, ಮತ್ತೆ ಮುಚ್ಚಿಕೊಂಡಿತು. ಬೇರೆ ಮನೆತನಗಳ ಫೈಲುಗಳು ಸಲೀಸಾಗಿ ತೆರೆಯುತ್ತಿದ್ದವು.

"ನಿಮ್ಮ ಕಂಪ್ಯೂಟರಿಗೆ ಗಾಳಿ ಬಡದೈತಿ ಮ್ಯಾಡಮ್," ಎಂದ ಹೊರಗೆ ಬೇವಿನ ನೆರಳಲ್ಲಿದ್ದ ಮಲಕಾಜಪ್ಪ.

"ಅದರ ಫ್ಯಾನ ಕೆಟ್ಟೈತ್ರಿ. ಗಾಳಿ ಎಲ್ಲಿಂದ ಬರಬೇಕು?"

ವಿಜಯಪುರದ ರಿಪೇರಿಯ ಶಿವಪುತ್ರನಿಗೆ ಫೋನು ಹೋಯಿತು. ಅವನು ಹೇಳಿದಂತೆ ಹೊಸ ಫಾಂಟು ತೆಗೆದಳು, ಪ್ರಿಂಟರ್ ಬದಲಿಸಿದಳು, ಸೆಟ್ಟಿಂಗೆಲ್ಲ ಮೊದಲಿನಂತೆ ಮಾಡಿದಳು. ಫಲವಿಲ್ಲ.

"ಹಂಗಾರ ಯಾವುದೋ ಒಂದು ಚಿತ್ರ ಕೆಟ್ಟೈತಿ ಅಕ್ಕಾ. ತೆರದ ಕೂಡ್ಲೇ ಪುಟದ ಹೊರಗಿನ ಕಚರಾ ಎಲ್ಲಾ ತಗದ ಒಗೀರಿ."

"ಕಚರಾ ಅನಬ್ಯಾಡಪಾ. ಬ್ಯಾರೆ ಫೈಲಿನಾಗ ಹಂಗ ಹೊರಗ ನಿಂತವರಾಗ ನಿಮ್ಮ ಮಾವನೂ ಇದ್ದಾನ."

"ಹಂಗಾರ ತಗೀಬ್ಯಾಡ್ರಿ ಅಕ್ಕಾ," ಎಂದು ಶಿವಪುತ್ರ ಫೋನಿಟ್ಟ.

ಮುಂದಿನ ಸಲ ಪುಟ ಒಂದು ಕ್ಷಣ ಕಂಡಿತು. ಎಡಕ್ಕೆ ದೂರದ ಬಿಳಿಯಲ್ಲಿ ಬೀರದೇವ; ತಲೆಗೆ ಹಳದಿ ಪಟಕ, ಬಿಸಿಲಿಗೆ ಕಿರಿದಾದ ಕಣ್ಣು. "ಅಗೋ!" ಎಂದಳು ಸಂಗವ್ವ. ಮುಚ್ಚಿತು. ಮತ್ತೆ ತೆರೆದಾಗ ಅವನು ಅಂಚಿಗೆ ತುಸು ಹತ್ತಿರವಿದ್ದ. ಮೌಸು ತಗುಲಿರಬೇಕು ಎಂದುಕೊಂಡಳು ದಾಕ್ಷಾಯಣಿ, ಮೌಸು ಮುಟ್ಟದೆಯೇ ಕುಳಿತಿದ್ದವಳು. ಆಮೇಲಿನ ಸಲ ಅವನ ಭುಜ ಪುಟದ ಗೆರೆ ದಾಟಿತ್ತು. ಆಕೆ ಸಂಗವ್ವನ ಕಡೆ ನೋಡಲಿಲ್ಲ.

ಉಳಿದದ್ದು ಒಂದೇ ಉಪಾಯ. ಖಾಲಿ ಪುಟ ತೆರೆದು ಅದರೊಳಕ್ಕೆ ಹಳೆಯ ಫೈಲನ್ನು ಕರೆದುಕೊಂಡಳು. ಬಂತು, ಮುಚ್ಚದೆ ನಿಂತಿತು. ಸಾಲಿನಲ್ಲಿ, ತನ್ನ ಹಳೆಯ ಜಾಗದಲ್ಲಿ, ಬೀರದೇವನಿದ್ದ. ಎಡಕ್ಕೆ, ಪುಟದ ಹೊರಗೆ, ಹಲ್ಲು ಕಿರಿದು ನಗುತ್ತಿದ್ದವನು ಮಲಕಾಜಪ್ಪ.

ಬೇವಿನಡಿಯಿಂದ ಮಾತು ಕೇಳಿಸದೆ ಬಹಳ ಹೊತ್ತಾಗಿತ್ತು ಎಂಬುದು ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ಸಂಗವ್ವ ಬಾಗಿಲಿಗೆ ಹೋದಳು. ಮಲಕಾಜಪ್ಪ ಬೈಕಿಗೆ ಒರಗಿ ಎದೆ ನೀವಿಕೊಳ್ಳುತ್ತಿದ್ದ.

"ಏನಾತೋ?"

"ಏನಿಲ್ಲ ವೈನಿ. ಎದಿ ಒಂದೀಟ ಹಿಡದಂಗ ಆತು. ನಿಮ್ಮ ಕೆಲಸ ಮುಗಸ್ರಿ ಲಗೂನ."

ಸಂಗವ್ವ ಮರಳಿ ಬಂದಾಗ ಪರದೆ ಆಗಲೇ ನಡುಗುತ್ತಿತ್ತು. ಅದು ಮುಚ್ಚುವ ಮುನ್ನಿನ ನಡುಕ ಎಂದು ಮುಂಜಾನೆಯಿಂದ ನೋಡಿದ ದಾಕ್ಷಾಯಣಿಗೆ ಗೊತ್ತಿತ್ತು.

"ಒಂದ ಕೆಲಸಕ್ಕಷ್ಟ ನಿಲ್ಲತೈತಿ ಇದು, ಸಂಗವ್ವಾಯಿ. ನಿಮ್ಮವರ ಫೋಟೋ ತಗದು ಬ್ಯಾರೆ ಇಡಲ್ಯೋ, ನಿಮ್ಮ ಮೈದುನನ್ನ ಒಳಗ ತರಲ್ಯೋ? ಎರಡೂ ಆಗೂದಿಲ್ಲ."

ಸಂಗವ್ವ ಪರದೆಯ ಹತ್ತಿರ ಬಾಗಿದಳು. ಗಂಡನ ಮುಖದ ಮುಂದೆ ಅವಳ ಉಸಿರಿಗೆ ಗಾಜು ಮಬ್ಬಾಯಿತು.

"ಏನ ಹಟಾ ಹಿಡದೀಯೋ ನೀನು," ಎಂದಳು ಅವನಿಗೆ. ಆಮೇಲೆ ದಾಕ್ಷಾಯಣಿಗೆ, "ಇವನ್ನ ಒಳಗ ತಗೋರಿ. ಇವಗ ಸಣ್ಣ ಹುಡುಗ್ರದಾವ."

ದಾಕ್ಷಾಯಣಿ ಮಲಕಾಜಪ್ಪನನ್ನು ಹಿಡಿದು ಸಾಲಿಗೆ ಎಳೆದಳು. ಎಂದಿಗಿಂತ ಭಾರವಿದ್ದಂತೆ ಅನಿಸಿತು, ಇಲಿಯ ಬಾಲಕ್ಕೆ ಟಗರು ಕಟ್ಟಿದ ಹಾಗೆ. ಸೇವ್ ಒತ್ತಿದಳು. ಪರದೆ ಬೆಳ್ಳಗಾಗಿ ಮುಚ್ಚಿತು.

ಹೊರಗೆ ಮಲಕಾಜಪ್ಪ ಯಾರ ಮೇಕೆಯನ್ನೋ ಬೈಕಿನ ಸೀಟು ನೆಕ್ಕಿದ್ದಕ್ಕೆ ಬೈಯತೊಡಗಿದ.

ಈಗ ಫೈಲು ಒಂದೇ ಸಲಕ್ಕೆ ತೆರೆಯಿತು. ಸಾಲಿನಲ್ಲಿ ಮಲಕಾಜಪ್ಪನಿದ್ದ. ಬೀರದೇವ ಸಾಲಿನಲ್ಲೂ ಇರಲಿಲ್ಲ, ಅಂಚಿನಾಚೆಯೂ ಇರಲಿಲ್ಲ. ದಾಕ್ಷಾಯಣಿ ಮೇಲೆ ನೋಡಿದಳು, ಕೆಳಗೆ ನೋಡಿದಳು.

"ಎಡಕ್ಕ ಸರಸ್ರಿ," ಎಂದಳು ಸಂಗವ್ವ, ಸ್ಟೂಲು ಎಳೆದು ಕುಳಿತು. "ಅವ ಕುರಿ ಹಿಂದ ಹ್ವಾದ್ರ ಭಾಳ ದೂರ ಹೋಗಾವ್ರಿ."

ದಾಕ್ಷಾಯಣಿ ಸರಿಸಿದಳು. ಬಿಳಿ. ಇನ್ನೂ ಸರಿಸಿದಳು. ಬಿಳಿ. ಹೊರಗೆ ಬೈಕಿನ ಹಾರನ್ನು ಎರಡು ಸಲ ಕೂಗಿತು.

"ಇನ್ನೊಂದೀಟ," ಎಂದಳು ಸಂಗವ್ವ.