ಕೊರಿನ್ ಹಾಕದ ಸಹಿ

ಆರು ವರ್ಷದಿಂದ ಮಿರ್ನಾ ಪಾಯಾಕ್ ಬೇರೆಯವಳ ಪಾತ್ರವನ್ನು ಬಾಯಿಪಾಠ ಮಾಡಿಕೊಂಡು ಕಾಯುತ್ತಿದ್ದಳು. ಶಿಕಾಗೋದ ಆ ನಾಟಕಶಾಲೆಯಲ್ಲಿ ಅವಳ ಕೆಲಸವೇ ಅದು: ನಾಯಕಿ ಕೊರಿನ್ ಬಾರದ ದಿನ ಬದಲಿಗೆ ರಂಗಕ್ಕೆ ಹೋಗುವುದು. ಕೊರಿನ್‌ಗೋ ಗುಂಡುಕಲ್ಲಿನಂಥ ಆರೋಗ್ಯ, ಒಂದು ನೆಗಡಿಯೂ ಬರಲಿಲ್ಲ. ಐವತ್ತು ದಾಟಿದ ಮಿರ್ನಾ ತೆರೆಮರೆಯ ಬೆಂಚಿನಲ್ಲಿ ತುಟಿ ಅಲ್ಲಾಡಿಸುತ್ತ, ಸ್ವೆಟರ್ ಹೆಣೆಯುತ್ತ ಕೂತಿರುತ್ತಿದ್ದಳು. ಮುಂದಿನ ವಾರ ನಾಟಕ ನಿಲ್ಲುತ್ತದೆಂದು ಗೊತ್ತಾದ ಮೇಲೆ ಅವಳಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ.

ನಾಟಕದಲ್ಲಿ, ವ್ಯಾಕ್ಯೂಮ್ ಕ್ಲೀನರ್ ಮಾರುವ ಹೆಂಗಸರು ಬಹುಮಾನದ ಕಾರಿಗಾಗಿ ಒಬ್ಬರ ಕಾಲು ಒಬ್ಬರು ಎಳೆಯುತ್ತಾರೆ. ಜನ ತಮ್ಮ ಆಫೀಸಿನ ಯಾರನ್ನೋ ನೆನೆದು ಬಿದ್ದು ಬಿದ್ದು ನಗುತ್ತಿದ್ದರು. ತಮ್ಮನ್ನೇ ನೆನೆದು ನಗುವಷ್ಟು ದೊಡ್ಡ ಮನಸ್ಸು ಯಾರಿಗಿದೆ?

ಅಂದು ಬುಧವಾರ, ಮಧ್ಯಾಹ್ನದ ಆಟ. ಅರ್ಧ ಗಂಟೆ ಮೊದಲು ನಟರೆಲ್ಲ ಹಿಂಬಾಗಿಲ ಹಾಳೆಯಲ್ಲಿ ಸಹಿ ಹಾಕಬೇಕು. ಸಹಿ ಇಲ್ಲದವರು ಬಂದೇ ಇಲ್ಲವೆಂದು ಅರ್ಥ. ತಲೆನೋವಿನ ಗಡಿಬಿಡಿಯಲ್ಲಿ ಕೊರಿನ್ ಅದನ್ನು ಮರೆತು, ಹಳೇ ಸೋಫಾಗಳಿದ್ದ ಮಹಡಿಯ ಕೋಣೆಗೆ ಹೊರಟಳು. ಮೆಟ್ಟಿಲಲ್ಲಿ ಮಿರ್ನಾ ಸಿಕ್ಕಳು.

"ಹತ್ತು ನಿಮಿಷ ಒರಗ್ಕೋತೀನಿ ಕಣೆ. ಹೊತ್ತಾದ್ರೆ ಎಬ್ಬಿಸು."

ಸ್ವಲ್ಪ ಹೊತ್ತಿಗೆ ರಂಗದ ಮೇಲ್ವಿಚಾರಕ ರೂಬೆನ್ ಹಾಳೆ ಹಿಡಿದು ಓಡಿಬಂದ.

"ಮಿರ್ನಾ, ಕೊರಿನ್ ಫೋನೂ ಎತ್ತುತ್ತಿಲ್ಲ. ನೀನೇನಾದ್ರೂ ನೋಡಿದ್ಯಾ?"

ಮಿರ್ನಾಳ ಕಣ್ಣು ಹಾಳೆಯಲ್ಲಿ ಕೊರಿನ್ ಹೆಸರಿನ ಮುಂದಿದ್ದ ಖಾಲಿ ಜಾಗದ ಮೇಲೆ ಬಿತ್ತು.

"ಇಲ್ಲಪ್ಪ, ನಾನ್ ನೋಡ್ಲಿಲ್ಲ. ಪಾಪ, ಏನಾಯ್ತೋ ಏನೋ."

"ಹಾಗಾದ್ರೆ ಬೇಗ ಬಣ್ಣ ಹಚ್ಕೋ ಮಾರಾಯ್ತಿ! ಕೊನೆಗೂ ನಿನ್ನ ದಿನ ಬಂತು."

ಆರು ವರ್ಷದ ಹಿಂದೆ ತನಗೆಂದು ಹೊಲಿಸಿಟ್ಟ ಗೌನಿನ ಗುಂಡಿಗಳನ್ನು ಅವಳು ಒಂದೊಂದಾಗಿ ಹಾಕಿಕೊಂಡಳು. ಹೋಗಿ ಎಬ್ಬಿಸಲೇ ಎಂದು ಎರಡು ಸಲ ಬಾಗಿಲವರೆಗೆ ಹೋಗಿ ಬಂದಳು. ಅಷ್ಟರಲ್ಲಿ ತೆರೆ ಎದ್ದಿತು.

ಮೊದಲ ಅಂಕ ಚೆನ್ನಾಗಿಯೇ ಹೋಯಿತು. ಜನ ನಕ್ಕಾಗಲೆಲ್ಲ ಅವಳಿಗೆ ಮೈ ಜುಮ್ಮೆನ್ನುತ್ತಿತ್ತು, ಆದರೆ ಕಿವಿ ಮೆಟ್ಟಿಲ ಕಡೆಗೇ ಇತ್ತು.

ಎರಡನೇ ಅಂಕದಲ್ಲಿ ನಾಯಕಿ ಗೆಳತಿಯ ಗಿರಾಕಿಗಳ ಪಟ್ಟಿಯನ್ನು ಬಚ್ಚಿಟ್ಟು ಯಜಮಾನನೆದುರು ನಿಲ್ಲುತ್ತಾಳೆ.

"ಇಲ್ಲ ಸಾರ್, ನಾನ್ ನೋಡ್ಲಿಲ್ಲ. ಪಾಪ, ಎಲ್ಲಿ ಕಳ್ಕೊಂಡ್ಲೋ ಏನೋ."

ಸಭೆ ಘೊಳ್ಳೆಂದಿತು. ಪಕ್ಕದ ಪರದೆಯ ಸಂದಿಯಲ್ಲಿ ನಾಟಕದ ಪುಸ್ತಕ ಹಿಡಿದು ನಿಂತಿದ್ದ ರೂಬೆನ್ ಮಾತ್ರ, ಆಗ ತನಗೆ ಹೇಳಿದ್ದ ಅದೇ ದನಿಗೆ ಸರಕ್ಕನೆ ತಲೆಯೆತ್ತಿದ. ಅವನ ಪಕ್ಕದಲ್ಲಿ ಕೊರಿನ್, ಕೂದಲು ಕೆದರಿಕೊಂಡು, ಈಗಷ್ಟೇ ಎದ್ದು ಬಂದವಳು.

"ಇವಳಿಗೇ ಹೇಳಿದ್ದೆ, ಎಬ್ಬಿಸು ಅಂತ" ಎನ್ನುತ್ತಿದ್ದಳು.

ಮಿರ್ನಾಳ ಮುಂದಿನ ಮಾತು ಹಾರಿಹೋಯಿತು. ನಾಚಿಕೆಯಿಂದ ಮುಖ ಕೆಂಪೇರಿತು, ಕಣ್ಣು ತುಂಬಿತು. ಮಾತು ಎತ್ತಿಕೊಡಬೇಕಾದ ರೂಬೆನ್ ಸುಮ್ಮನೆ ಅವಳನ್ನೇ ನೋಡುತ್ತಿದ್ದ.

ಎಂಥ ಅಭಿನಯ ಎಂದು ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.