ಹೊಟ್ಟೆ ಸೀಳಿದ ಷ

ದೊಡ್ಡ ಮುದ್ರಣಾಲಯದಲ್ಲಿ ಮೂವತ್ತೊಂದು ವರ್ಷದಿಂದ ಕರಡು ತಿದ್ದುತ್ತಿರುವ ಈ ಮನುಷ್ಯನಿಗೆ ಹೆತ್ತವರು ಇಟ್ಟ ಹೆಸರೊಂದು ಇದ್ದೇ ಇದೆ. ಆದರೆ ಅದು ಹಾಜರಿ ಪುಸ್ತಕದಲ್ಲಿ ಬಿಟ್ಟರೆ ಬೇರೆಲ್ಲೂ ಚಾಲ್ತಿಯಲ್ಲಿಲ್ಲ. ಎದುರಿಗೆ ಎಲ್ಲರೂ ರಾಯರೇ ಅನ್ನುತ್ತಾರೆ, ಬೆನ್ನ ಹಿಂದೆ ಕಾಗುಣಿತರಾಯರು ಅನ್ನುತ್ತಾರೆ. ಶಾಲೆಯ ಪಠ್ಯವಾಗಲಿ, ಬಸ್ಸಿನ ವೇಳಾಪಟ್ಟಿಯಾಗಲಿ, ಔಷಧಿ ಡಬ್ಬಿಯೊಳಗಿನ ಇರುವೆಸಾಲಿನಂಥ ಹಾಳೆಯಾಗಲಿ, ಅವರ ಕೆಂಪು ಪೆನ್ನು ಮುಟ್ಟದೆ ಯಂತ್ರ ಹತ್ತುವಂತಿಲ್ಲ.

ಕೆಲಸ ಮುಗಿಸಿ ಹೊರಬಿದ್ದ ಮೇಲಾದರೂ ಪೆನ್ನು ಜೇಬಿನಲ್ಲಿ ಸುಮ್ಮನಿರುತ್ತಿತ್ತೇ? ಮೊಸರಲ್ಲಿ ಕಲ್ಲು ಹುಡುಕುವವರಿಗೆ ಬೀದಿಯ ತುಂಬ ಮೊಸರೇ. ಕ್ಷೌರದಂಗಡಿಯ ಫಲಕದಲ್ಲಿ 'ಕೂದಲು' ಹೋಗಿ 'ಕುದಲು' ಆಗಿತ್ತೆಂದು, ಅದನ್ನು ಸರಿಮಾಡುವ ತನಕ ಒಳಗೆ ಕಾಲಿಡುವುದಿಲ್ಲ ಎಂದು ಹಟ ಹಿಡಿದರು. ಅಂಗಡಿಯವನು ಆ ದೀರ್ಘ ಬರೆಸುವಷ್ಟರಲ್ಲಿ ರಾಯರ ಕೂದಲೇ ದೀರ್ಘವಾಗಿತ್ತು.

ಇಂಥವರಿಗೆ ಸಿಕ್ಕ ಹೆಂಡತಿಯ ಕೆಲಸವೇನು ಕೇಳಿ. ಆಕೆ ಅಂಚೆ ಕಚೇರಿಯಲ್ಲಿ, ವಿಳಾಸ ತಪ್ಪಾಗಿರುವ ಕಾಗದಗಳನ್ನು ಮನೆ ಮುಟ್ಟಿಸುವ ವಿಭಾಗದಲ್ಲಿದ್ದಾಳೆ. ಬೀದಿಯ ಹೆಸರು ಅರ್ಧ ಇರಲಿ, ಊರಿನ ಹೆಸರೇ ತಲೆಕೆಳಗಾಗಿರಲಿ, ಬರೆದವರ ಮನಸ್ಸಿನಲ್ಲಿ ಏನಿತ್ತೆಂದು ಊಹಿಸಿ ಕಳಿಸಬೇಕು. "ತಪ್ಪು ಬರೆದವರ ಕಾಗದಾನೂ ಮುಟ್ಟಬೇಕಲ್ಲ," ಅನ್ನುವುದು ಆಕೆಯ ಮಾತು.

ಗಂಡನ ಹುಟ್ಟುಹಬ್ಬಕ್ಕೆ ಆಕೆ ಕೊಡುತ್ತಿದ್ದ ಉಡುಗೊರೆಗಳನ್ನು ನೋಡಿದರೆ ಯಾರಿಗಾದರೂ ಹೊಟ್ಟೆಕಿಚ್ಚಾಗಬೇಕು. ಕಾಲಿನ ಆಣಿಗೆ ಒತ್ತದಂತೆ ಹೇಳಿ ಮಾಡಿಸಿದ ಚಪ್ಪಲಿ, ಎಂದೋ ಒಮ್ಮೆ ಬೆನ್ನುನೋವು ಅಂದದ್ದನ್ನು ನೆನಪಿಟ್ಟು ಕಚೇರಿಯ ಕುರ್ಚಿಯ ಅಳತೆಗೆ ಹೊಲಿದ ದಿಂಬು. ಜೊತೆಗೆ ಏಳೆಂಟು ಸಾಲಿನ ಒಂದು ಚೀಟಿ. ಅದರ ಮೊದಲ ಸಾಲು ಯಾವಾಗಲೂ ಒಂದೇ: 'ಹುಟ್ಟುಹಬ್ಬದ ಶುಭಾಷಯಗಳು.'

ಶುಭಾಶಯಕ್ಕೆ ಹೊಟ್ಟೆ ಸೀಳಿದ ಷ! ರಾಯರು ದಿಂಬು ಬಿಟ್ಟು ಚೀಟಿ ಹಿಡಿಯುತ್ತಿದ್ದರು. ಒಂದು ತಪ್ಪು ಸಿಕ್ಕಿದರೆ ಇನ್ನೊಂದು ಇದ್ದೇ ಇರುತ್ತದೆ ಎಂಬುದು ಅವರ ಕಸುಬಿನ ಸೂತ್ರ. ಹಾಗಾಗಿ ಕೊನೆಯ ಚುಕ್ಕೆಯವರೆಗೂ ಎರಡೆರಡು ಸಲ ಓದಿ, ಷಕ್ಕೆ ಸುತ್ತು ಹಾಕಿ ಹಿಂದಕ್ಕೆ ಕೊಡುತ್ತಿದ್ದರು. ಇಪ್ಪತ್ತೆರಡು ವರ್ಷ ಹೀಗೇ ನಡೆಯಿತು. ಎರಡನೇ ವರ್ಷ ಮಾತ್ರ ಸರಿಯಾಗಿ ಬರೆದಿದ್ದಳು. 'ಪರವಾಗಿಲ್ಲ, ಕಲಿತಳು' ಎಂದುಕೊಂಡು ಆ ಚೀಟಿಯನ್ನು ನಿಘಂಟಿನಲ್ಲಿ ಪುಟದ ಗುರುತಿಗೆ ಇಟ್ಟಿದ್ದರು. ಮರುವರ್ಷ ಮತ್ತೆ ಅದೇ ಷ. ಹುಟ್ಟುಗುಣ ಸುಟ್ಟರೂ ಹೋಗದು ಎಂದು ರಾಯರು ಹೆಂಡತಿಯ ಬಗ್ಗೆ ನಿಟ್ಟುಸಿರು ಬಿಟ್ಟರು. ಆ ಗಾದೆ ಯಾರಿಗೆ ಅನ್ವಯಿಸುತ್ತದೆಂದು ಅವರು ಯೋಚಿಸಲಿಲ್ಲ.

ಕಳೆದ ವರ್ಷದ ಉಡುಗೊರೆ ಒಂದು ನವಿಲು. ಮಾರುಕಟ್ಟೆಯ ಮೆಟ್ಟಿಲ ಮೇಲೆ ಕೂತು ಸುಣ್ಣ, ಕೆಮ್ಮಣ್ಣುಗಳಲ್ಲಿ ಹಲಗೆಯ ಮೇಲೆ ಚಿತ್ರ ಬರೆಯುವ ಅಜ್ಜಿಯ ಕೈಯದು. ತಾಯಿಯಿಂದ ಮಗಳಿಗೆ ಬಂದ ಕಲೆ. ನವಿಲಿನ ಎರಡೂ ಕಣ್ಣು ಒಂದೇ ಕೆನ್ನೆಯ ಮೇಲಿದ್ದವು. ರಾಯರ ಕೈ ತಡೆಯಲಿಲ್ಲ. ಹಲಗೆಯ ಅಂಚಿನಲ್ಲಿ ಕೆಂಪಗೆ ಒಂದು ಪ್ರಶ್ನಾರ್ಥಕ ಚಿಹ್ನೆ ಬಿತ್ತು. ಹೆಂಡತಿ ಚಿತ್ರವನ್ನು ಅಜ್ಜಿಯ ಹತ್ತಿರ ಒಯ್ದಳು. ಅಜ್ಜಿ ಅದನ್ನೊಮ್ಮೆ ನೋಡಿ, ಪ್ರಶ್ನೆಗೆ ಎರಡು ಕಣ್ಣು, ಒಂದು ನಾಲಿಗೆ ಬರೆದು ಹಾವು ಮಾಡಿದಳು. ಆ ಎರಡು ಕಣ್ಣೂ ಒಂದೇ ಕಡೆಗಿದ್ದವು.

ಈ ವರ್ಷ ಬಂದದ್ದು ಒಂದು ಲಕೋಟೆ. ಒಳಗೆ ಭಾನುವಾರ ಸಂಜೆಯ ಜಾಝ್ ಸಂಗೀತಕ್ಕೆ ಎರಡು ಪಾಸು. ಚೀಟಿ ಇಲ್ಲ. ರಾಯರು ಲಕೋಟೆಯನ್ನು ತಲೆಕೆಳಗು ಮಾಡಿ ಕೊಡವಿದರು, ಒಳಗೆ ಕಣ್ಣಿಟ್ಟು ನೋಡಿದರು. ತಿದ್ದಲು ಏನೂ ಇಲ್ಲದೆ ಅವರಿಗೆ ಹೆದರಿಕೆಯಾಯಿತು. ಆ ಷ ತಮಗೆ ಎಷ್ಟು ಬೇಕಾಗಿತ್ತೆಂದು ಆ ಮನುಷ್ಯನಿಗೆ ಗೊತ್ತಾದದ್ದೇ ಆಗ.

ಸಂಗೀತ ಟೈರ್ ಅಂಗಡಿಯ ಮಹಡಿಯ ಮೇಲೆ. ಪ್ಲಾಸ್ಟಿಕ್ ಕುರ್ಚಿಗಳು, ಕೆಳಗಿನಿಂದ ರಬ್ಬರಿನ ವಾಸನೆ. ಪಾಸಿನಲ್ಲಿ 'ಜಾಝ್', ಗೋಡೆಯ ಬ್ಯಾನರಿನಲ್ಲಿ 'ಜಾಜ್', ಇಪ್ಪತ್ತು ನಿಮಿಷ ಸ್ವಾಗತ ಕೋರಿದ ಅಧ್ಯಕ್ಷರ ಬಾಯಲ್ಲಿ 'ಜಾಸು'. ಸಂಗೀತ ಶುರುವಾಗುವ ಮೊದಲೇ ರಾಯರು ಅರ್ಧ ಸೋತಿದ್ದರು. ಸ್ಯಾಕ್ಸೋಫೋನ್ ಹಿಡಿದವರು ರಾಯರ ಬೀದಿಯ ಹಲ್ಲಿನ ಡಾಕ್ಟರು. ಡ್ರಮ್ಮಿಗೆ ಕೂತವನು ನೀರಿನ ಮೀಟರ್ ಓದುವವನು. ಮುಂದಿನ ಸಾಲಿನವರು ಕಣ್ಣುಮುಚ್ಚಿ ತಲೆದೂಗುತ್ತಿದ್ದರು. ಹಿಂದಿನ ಸಾಲಿನವರು ಮುಂದಿನವರನ್ನು ನೋಡಿ ತೂಗುತ್ತಿದ್ದರು.

ಮೊದಲು ಹಾಡನ್ನು ಒಮ್ಮೆ ನೆಟ್ಟಗೆ ನುಡಿಸಿದರು. ಸರಿ, ಇದು ಮೂಲಪ್ರತಿ ಎಂದು ರಾಯರು ಮನಸ್ಸಿನಲ್ಲೇ ಗುರುತು ಹಾಕಿಕೊಂಡರು. ಆಮೇಲೆ ಒಬ್ಬೊಬ್ಬರಾಗಿ ಅದನ್ನು ಕೆಡಿಸತೊಡಗಿದರು. ಹೇಳುವವರಿಲ್ಲ ಕೇಳುವವರಿಲ್ಲ! ರಾಯರು ಪೆನ್ನು ತೆಗೆದು, ಪಾಸಿನ ಹಿಂದೆ ತಪ್ಪಿಗೊಂದು ಗೀಟು ಎಳೆಯುತ್ತ ಹೋದರು. ವಿರಾಮ ಬಂದಾಗ ಇಪ್ಪತ್ತಮೂರು ಗೀಟಾಗಿದ್ದವು. ನೆಟ್ಟಗೆ ಡಾಕ್ಟರ ಹತ್ತಿರ ಹೋಗಿ, ಇಷ್ಟು ತಪ್ಪು ನುಡಿಸಿದ್ದೀರಿ ಎಂದು ಪಾಸು ಚಾಚಿದರು.

ಡಾಕ್ಟರು ಬೆವರು ಒರೆಸಿಕೊಂಡು ನೋಡಿದರು. "ಇಪ್ಪತ್ತಮೂರೇನಾ? ಕಮ್ಮಿ ಆಯ್ತು ಸಾರ್. ನಿಜ ಹೇಳ್ಬೇಕಂದ್ರೆ ಮೊದಲನೇದು ಮಾತ್ರ ತಪ್ಪು, ಬೆರಳು ಜಾರ್ತು. ಚೆನ್ನಾಗಿದೆ ಅನ್ನಿಸ್ತು, ಅದಕ್ಕೇ ಬೇಕಂತ ಮತ್ತೆ ಮತ್ತೆ ಜಾರಿಸ್ದೆ. ಹಲ್ಲಲ್ಲಿ ಹಾಗೆಲ್ಲ ಮಾಡೋಕಾಗಲ್ಲ ನೋಡಿ, ಅದಕ್ಕೇ ಭಾನುವಾರ ಇಲ್ಲಿ ಬರ್ತೀನಿ."

ಎರಡನೇ ಭಾಗದಲ್ಲಿ ರಾಯರ ಪೆನ್ನು ಗಾಳಿಯಲ್ಲೇ ನಿಂತಿತ್ತು. ಜಾರಿದ್ದು ಯಾವುದು, ಜಾರಿಸಿದ್ದು ಯಾವುದು? ಆ ಜಾರುವ ಸ್ವರ ಇನ್ನೇನು ಬರುತ್ತದೆ ಎಂದು ಕಾಯತೊಡಗಿದರು. ಬಂದಾಗ ಸಂತೋಷವಾಯಿತು. ತಪ್ಪಿಗೆ ಸಂತೋಷಪಟ್ಟದ್ದು ಅವರ ಜೀವಮಾನದಲ್ಲಿ ಅದೇ ಮೊದಲು.

ಮನೆಗೆ ನಡೆಯುವಾಗ ಹೆಂಡತಿ ತನ್ನ ಪಾಸನ್ನು ತೋರಿಸಿದಳು. ಅದರ ಹಿಂದೆಯೂ ಇಪ್ಪತ್ತಮೂರು ಗೀಟು.

"ನೀನೂ ತಪ್ಪು ಎಣಿಸಿದ್ಯಾ?"

"ನನಗೆ ಅದೆಲ್ಲ ಎಲ್ಲಿ ಗೊತ್ತಾಗುತ್ತೆ? ನಿಮ್ಮ ಕಾಲು ಎಷ್ಟು ಸಲ ಕುಣೀತು ಅಂತ ಎಣಿಸಿದೆ. ನೀವು ಒಂದೊಂದು ಗೀಟು ಹಾಕಿದಾಗ್ಲೂ ಕುಣೀತಿತ್ತು."

ರಾಯರು ತಮ್ಮ ಕಾಲನ್ನು ನೋಡಿಕೊಂಡರು. ಧೈರ್ಯ ಮಾಡಿ ಕೇಳಿದರು. "ಈ ಸಲ ಚೀಟಿ ಯಾಕೆ ಬರೀಲಿಲ್ಲ?"

"ಬರೆದು ಬರೆದು ಸಾಕಾಯ್ತು ಕಣ್ರೀ. ನವಿಲಿಗೇ ಪ್ರಶ್ನೆ ಹಾಕಿದ್ರಿ. ಇನ್ನು ನಂದು ಯಾವ ಲೆಕ್ಕ?"

ಮುಂದಿನ ತಿಂಗಳು ಆಕೆಯ ಹುಟ್ಟುಹಬ್ಬ. ರಾಯರು ಮಾರುಕಟ್ಟೆಯ ಅಜ್ಜಿಯ ಹತ್ತಿರ ಹೋಗಿ, ಕಾಗದ ಹಿಡಿದ ಹೆಂಗಸಿನ ಚಿತ್ರ ಬರೆಸಿದರು. ಎರಡೂ ಕಣ್ಣು ಒಂದೇ ಕಡೆಗಿರಲಿ ಎಂದು ತಾವೇ ಹೇಳಿದರು. ಆಮೇಲೆ ಚೀಟಿ ಬರೆಯಲು ಕೂತರು. ಮೂವತ್ತೊಂದು ವರ್ಷ ತಪ್ಪದ ಕೈ ಆ ಒಂದು ಅಕ್ಷರದ ಹೊಟ್ಟೆ ಸೀಳಲು ಒಪ್ಪಲೇ ಇಲ್ಲ. ಮೂರು ಹಾಳೆ ಹಾಳಾದವು. ನಾಲ್ಕನೆಯದರಲ್ಲಿ, ಹಲ್ಲುಕಚ್ಚಿ, 'ಹುಟ್ಟುಹಬ್ಬದ ಶುಭಾಷಯಗಳು' ಎಂದು ಬರೆದರು.

ಬೆಳಿಗ್ಗೆ ಆಕೆ ಚಿತ್ರ ನೋಡಿ ನಕ್ಕಳು. ಚೀಟಿ ಓದಿದಳು. ಗಂಡನ ಜೇಬಿನಿಂದ ಕೆಂಪು ಪೆನ್ನು ಎಳೆದುಕೊಂಡು ಷಕ್ಕೆ ಸುತ್ತು ಹಾಕಿ, ಅಂಚಿನಲ್ಲಿ ಶ ಬರೆದಳು.

"ಶುಭ, ಆಶಯ. ಶಂಖದ ಶ ಕಣ್ರೀ."

"ನಿನಗೆ ಗೊತ್ತಿತ್ತಾ?"

"ಮೊದಲನೇ ವರ್ಷಾನೇ ತಿದ್ದಿ ಕೊಟ್ರಲ್ಲ. ಒಂದು ಸಲ ಹೇಳಿದ್ರೆ ತಿಳಿಯದಷ್ಟು ಪೆದ್ದೀನಾ ನಾನು? ಎರಡನೇ ವರ್ಷ ಸರಿಯಾಗಿ ಬರೆದೆ. ಮೊದಲನೇ ಸಾಲು ನೋಡಿ ಪಕ್ಕಕ್ಕಿಟ್ರಿ, ಮುಂದೆ ಓದ್ಲೇ ಇಲ್ಲ. ತಪ್ಪಿದ್ರೇನೇ ನೀವು ಕೊನೇ ತನಕ ಓದೋದು ಅಂತ ಆವತ್ತು ಗೊತ್ತಾಯ್ತು."

ರಾಯರು ಎದ್ದು ಹೋಗಿ ನಿಘಂಟು ತೆಗೆದರು. ಚೀಟಿ ಹಳದಿಯಾಗಿ ಅಲ್ಲೇ ಇತ್ತು. ಎಂಟು ಸಾಲು, ಒಂದೂ ತಪ್ಪಿಲ್ಲ. ಕೊನೆಯ ಸಾಲು ಹೀಗಿತ್ತು: 'ಸಂಜೆ ಆರಕ್ಕೆ ನಿಮ್ಮ ಮುದ್ರಣಾಲಯದ ಮುಂದಿನ ಬಾಗಿಲಲ್ಲಿ ಕಾಯುತ್ತಿರುತ್ತೇನೆ, ಎಲ್ಲಿಗಾದರೂ ಹೋಗೋಣ.' ಬಸ್ಸಿಗೆ ಹತ್ತಿರವೆಂದು ರಾಯರು ದಿನಾ ಹಿಂದಿನ ಬಾಗಿಲಿನಿಂದ ಹೊರಡುತ್ತಿದ್ದರು.

"ಎಷ್ಟು ಹೊತ್ತು ಕಾದೆ?"

"ಏಳೂವರೆ ತನಕ. ಹೋಗ್ಲಿ ಬಿಡಿ, ಕಚೇರಿಗೆ ಹೊತ್ತಾಯ್ತು."

ಅಂದು ಸಂಜೆ ಐದೂವರೆಗೇ ರಾಯರು ಅಂಚೆ ಕಚೇರಿಯ ಮುಂದಿನ ಬಾಗಿಲಲ್ಲಿ ನಿಂತಿದ್ದರು. ಆಕೆ ಹಿಂದಿನ ಬಾಗಿಲಿನಿಂದ ಹೊರಟುಬಿಟ್ಟರೆ ಎಂಬ ಭಯಕ್ಕೆ ಎರಡು ಸಲ ಹಿಂದಕ್ಕೂ ಓಡಿ ನೋಡಿ ಬಂದರು. ತಲೆಯ ಮೇಲಿನ ಫಲಕದಲ್ಲಿ ಒಂದು ಕೊಂಬು ಬಿದ್ದುಹೋಗಿತ್ತು. ಅದನ್ನು ಕಾಣದಿರುವಷ್ಟು ಅವರೇನೂ ಬದಲಾಗಿರಲಿಲ್ಲ. ಆದರೆ ಬಾಗಿಲಿನಿಂದ ಕಣ್ಣು ತೆಗೆಯುವಂತಿರಲಿಲ್ಲ, ಪೆನ್ನೂ ಬೆಳಿಗ್ಗೆಯೇ ಹೆಂಡತಿಯ ಚೀಲ ಸೇರಿತ್ತು.