ಗಾಲಿಯಾ ಅಜ್ಜಿಯ ಧೂಪ ಬೀದಿಗೆ ಬಿದ್ದದ್ದು

ಸೂರ್ ಪಟ್ಟಣದ ನಮ್ಮ ಬೀದಿಯಲ್ಲಿ ಗಾಲಿಯಾ ಅಜ್ಜಿಯ ಧೂಪವೆಂದರೆ ಮದುಮಗಳ ಮೂಗೂ ಅರಳುತ್ತಿತ್ತು. ಊದಿನ, ಅಂದರೆ ಅಗರು ಮರದ, ಚಕ್ಕೆಯನ್ನು ಪನ್ನೀರು, ಸಕ್ಕರೆ ಪಾಕದಲ್ಲಿ ನೆನೆಸಿ ಆಕೆ ತರುತ್ತಿದ್ದ ಹದ ಇನ್ನೊಬ್ಬರ ಕೈಗೆ ಹತ್ತಿದ್ದನ್ನು ನಾನಂತೂ ಕಂಡಿಲ್ಲ. ಅಂಥವಳ ಮೊಮ್ಮಗಳು ಅಸೀಲಾಗೇ ಉಬ್ಬಸ ಅಂಟಿಕೊಂಡಿತು.

ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಅಜ್ಜಿ ಮಾಡಿದಳು. ಧೂಳು ಕುಡಿದ ಜಮಖಾನೆಗಳನ್ನು ಸುತ್ತಿ ಹೊರಗೆ ಹಾಕಿದಳು. ದಿಂಬಿನ ಚೀಲ, ಹೊದಿಕೆಗಳನ್ನು ಕುದಿನೀರಿಗೆ ಅದ್ದಿದಳು. ಬೆಕ್ಕನ್ನು ತಂಗಿಯ ಮನೆಗೆ ಸಾಗಹಾಕಿದಳು. ಧೂಪ ಬಿಡುವ ಮಾತು ಬಂದಾಗ ಮಾತ್ರ ಕಿವಿ ಮಂದವಾಯಿತು. ಬಚ್ಚಲಿನ ಬಾಗಿಲು ಹಾಕಿಕೊಂಡು ಕದ್ದು ಹಚ್ಚಿದಳು. ಚಾಡಿ ಹೇಳಿದ್ದು ಮಗುವಿನ ಎದೆ. ಅದು ಪಕ್ಕದ ಕೋಣೆಯಲ್ಲಿ ಸುಂಯ್ ಸುಂಯ್ ಎನ್ನತೊಡಗಿತು.

ಇನ್‌ಹೇಲರ್ ಹಿಡಿಸಿ, ಮಗುವಿನ ಉಸಿರು ಹದಕ್ಕೆ ಬಂದ ಮೇಲೆ ಸೊಸೆ ಬುಶ್ರಾ ಅತ್ತೆಯ ಮುಂದೆ ನಿಂತಳು.

"ಅತ್ತೆ, ಈ ಮನೇಲಿ ಒಂದೋ ಧೂಪ ಇರ್ಲಿ, ಇಲ್ಲಾ ನಿಮ್ಮ ಮೊಮ್ಮಗಳಿರ್ಲಿ. ಇನ್ನೊಂದ್ಸಲ ಹೊಗೆ ಎದ್ರೆ ಮಗೂನ ನಮ್ಮಮ್ಮನ ಮನೆಗೆ ಕರ್ಕೊಂಡು ಹೋಗ್ತೀನಿ."

ಅಜ್ಜಿ ಧೂಪ ಹಚ್ಚುವ ಕುಡಿಕೆಯನ್ನು ಕವುಚಿಟ್ಟಳು.

ಫಜೀತಿ ಶುರುವಾದದ್ದು ಆಮೇಲೆ. ನಮ್ಮಲ್ಲಿ ಮನೆಗೆ ಬಂದವರನ್ನು ಏಳಿ ಎನ್ನುವುದುಂಟೆ? ಖರ್ಜೂರ, ಕಾಫಿ ಮುಗಿದ ಮೇಲೆ ಧೂಪದ ಕುಡಿಕೆ ಒಂದು ಸುತ್ತು ಬರುತ್ತದೆ. ಬಟ್ಟೆಗೆ ಹೊಗೆ ಹಿಡಿಸಿಕೊಂಡು ಎಲ್ಲರೂ ತಾವಾಗಿಯೇ ಹೊರಡುತ್ತಾರೆ. ಒಂದು ಸಂಜೆ ಬೀದಿಯ ಹೆಂಗಸರೆಲ್ಲ ಅಜ್ಜಿಯ ಮನೆಗೆ ಬಂದು ಕೂತರು; ಕುಡಿಕೆ ಬರಲಿಲ್ಲ, ಯಾರೂ ಏಳಲಿಲ್ಲ. ಎದುರುಮನೆಯ ಖಮೀಸನ ತಾಯಿಯಂತೂ ಹಲ್ವದ ತಟ್ಟೆ ಬಳಿದು, ಗೋಡೆಗೊರಗಿ ಕಾಲು ಚಾಚಿದಳು.

"ಇನ್ನೊಂಚೂರು ಕಾಫಿ ಹಾಕೇ ಗಾಲಿಯಾ."

"ಹೂಜಿ ಒಂದು ಬಿಟ್ಟು ಎಲ್ಲಾ ಕುಡಿದಿದೀಯಲ್ಲೇ ತಾಯಿ!"

"ಹಂಗಾದ್ರೆ ಮತ್ತೆ ಕಾಯ್ಸು. ಧೂಪ ಬರದೇ ಎದ್ದು ಹೋಗಿ ನಿನ್ನ ಮರ್ಯಾದೆ ಕಳೀಲಾ?"

ಧೂಪದ ಗಾಲಿಯಾ ಮನೆಯಲ್ಲೇ ಧೂಪವಿಲ್ಲ ಎನ್ನಲು ಅಜ್ಜಿಗೆ ನಾಲಿಗೆ ಏಳದು. ಕವುಚಿದ ಕುಡಿಕೆಯತ್ತ ಆಕೆಯ ಕೈ ಹೋಯಿತು. ಒಳಬಾಗಿಲಲ್ಲಿ ಬುಶ್ರಾ ಆಗಲೇ ಮಗುವಿನ ಬಟ್ಟೆಯ ಗಂಟು ಹಿಡಿದು ನಿಂತಿದ್ದಳು. ಅಜ್ಜಿ ಸೊಸೆಯನ್ನು ನೋಡಿದಳು, ಗಂಟನ್ನು ನೋಡಿದಳು, ಕುಡಿಕೆ ಎತ್ತಿಕೊಂಡು ನೇರ ಬೀದಿಗೆ ನಡೆದಳು. ಗಾಳಿ ಮನೆಯಿಂದಾಚೆ ಬೀಸುವ ಕಡೆ, ದೂರದ ಬೇವಿನ ಮರದಡಿ ಕೆಂಡ ಹಾಕಿ, ಚಕ್ಕೆ ಉದುರಿಸಿ, ದೂರ ಸರಿದು ಕೂಗಿದಳು:

"ಧೂಪ ಬಂತು! ಬೇಕಾದೋರು ಮರದ ಹತ್ರ ಬನ್ರವ್ವಾ!"

ಹೆಂಗಸರು ದಡಬಡ ಎದ್ದು ಹೊರಬಂದರು. ಖಮೀಸನ ತಾಯಿ ಕುಡಿಕೆಯ ಮೇಲೆ ಬಟ್ಟೆ ಹರಡಿ ಸುಖಪಟ್ಟು ಗೇಟಿಗೆ ಮರಳುವಷ್ಟರಲ್ಲಿ ಅಜ್ಜಿ ಒಳಗೆ ಸೇರಿ ಗೇಟಿನ ಚಿಲಕ ಹಾಕಿದ್ದಳು.

"ನನ್ನ ಕೈಚೀಲ ಒಳಗದೆ ಕಣೇ!"

"ಹೊಗೆ ಬಟ್ಟೇಲಿ ಒಳಗೆ ಬರಂಗಿಲ್ಲ, ಡಾಕ್ಟರಮ್ಮನ ಅಪ್ಪಣೆ!"

ಚೀಲ ಗೋಡೆ ಹಾರಿ ಬಂದು ಅವಳ ಕಾಲ ಬುಡದಲ್ಲೇ ಬಿತ್ತು. ಎಸೆದವಳು ಬುಶ್ರಾ. ಒಳಗೆ ಅಸೀಲಾ ಬಿದ್ದು ಬಿದ್ದು ನಗುವುದು ನಮಗೆಲ್ಲ ಬೀದಿಗೇ ಕೇಳಿಸಿತು. ಅಷ್ಟು ನಕ್ಕರೂ ಮಗು ಒಮ್ಮೆಯೂ ಕೆಮ್ಮಲಿಲ್ಲ.